ಮುಂದಿನ ಸಾಲಿನ ಹಳದಿ ಸೀರೆ

ನಾನು ಬಾಡಿಗೆಗೆ ಬಂದ ಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿದ ಕುರ್ಚಿ ಒಂದೂ ಇರಲಿಲ್ಲ. ಊಟದ ಮೇಜಿನ ನಾಲ್ಕು ಕುರ್ಚಿಗಳೂ ಒಂದೇ ಬದಿಗೆ, ಗೋಡೆಗೊತ್ತಿ, ಬಸ್ಸಿಗೆ ಕಾಯುವವರಂತೆ ಸಾಲಾಗಿದ್ದವು. ವಾಷಿಂಗ್ಟನ್ನಿಗೆ ಓದಲು ಬಂದು ಒಂದು ವಾರವಾಗಿತ್ತು. ಮೈಸೂರಿನ ನಮ್ಮ ಮನೆಯ ಮುಂಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ಇಲ್ಲಿ ಮೂರು ಚಿಲಕ.

ಮನೆಯೊಡತಿ ಇನೆಸ್, ಅರವತ್ತರ ಹತ್ತಿರದವರು, ಉರುಗ್ವೆ ದೇಶದ ರಂಗನಟಿ. ‘ದೊನ್ಯಾ ಇನೆಸ್’ ಎಂದು ಕರೆಯಬೇಕು. ನಮ್ಮ ‘ಅಮ್ಮನವರು’ ಇದ್ದಂತೆ. ಹದಿನೇಳಕ್ಕೆ ಬಣ್ಣ ಹಚ್ಚಿ, ಇಪ್ಪತ್ತೈದು ವರ್ಷ ಮೊಂಟೆವಿಡಿಯೊದಲ್ಲಿ ರಾಣಿಯಾಗಿ, ಕೆಲಸದವಳಾಗಿ, ಒಮ್ಮೆ ಗಂಡಸಾಗಿಯೂ ಆಡಿದವರು. ಸೇನೆಯ ಆಳ್ವಿಕೆ ಬಂದ ಮೇಲೆ ಒಂದು ದಿನ ಮುಂದಿನ ಸಾಲಿನ ನಡುವೆ ಇಬ್ಬರು ಕೂತಿದ್ದರಂತೆ. ನಗೆನಾಟಕ, ಅವರು ನಗಲಿಲ್ಲ. ಪರದೆ ಬಿದ್ದ ಮೇಲೆ ಅವರೇ ಇನೆಸ್‌ರನ್ನು ಸೆರೆಗೆ ಕರೆದೊಯ್ದರು. ಎಂಟು ತಿಂಗಳ ಬಳಿಕ ಬಿಟ್ಟರು. ಆಮೇಲೆ ಈ ಊರು, ಬಟ್ಟೆ ಹೊಲಿಯುವ ಕೆಲಸ. ಮತ್ತೆ ರಂಗ ಹತ್ತಿರಲಿಲ್ಲ.

ವಾರಾಂತ್ಯದಲ್ಲಿ ನನ್ನನ್ನು ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದೊಯ್ಯುತ್ತಿದ್ದ, ನಮ್ಮೂರ ಕಡೆಯ ಶಾರದಾ ಆಂಟಿಗೆ ಈ ಮನೆ ಹಿಡಿಸಲಿಲ್ಲ.

“ಆಯಮ್ಮ ತಾನೂ ಹೆದರ್ತಾಳೆ, ನಿನ್ನೂ ಹೆದರಿಸ್ತಾಳೆ. ನಮ್ ಬೇಸ್‌ಮೆಂಟ್ ಖಾಲಿ ಇದೆ, ಮೂವ್ ಮಾಡ್ಬಿಡು.”

“ಸೆಮಿಸ್ಟರ್ ಮುಗೀಲಿ, ಆಂಟಿ.” ಹಿಂದೆ ಯಾವ ಕಾರು ಬರುತ್ತಿದೆ ಎಂದು ತಿರುಗಿ ನೋಡುವ ಅಭ್ಯಾಸ ಆಗಲೇ ನನಗೆ ಅಂಟಿತ್ತು.

ಆ ಚಳಿಗಾಲದಲ್ಲಿ ಸಣ್ಣದೊಂದು ಸ್ಪ್ಯಾನಿಷ್ ನಾಟಕ ತಂಡ ಇನೆಸ್‌ರನ್ನು ತಾಯಿಯ ಪಾತ್ರಕ್ಕೆ ಕರೆಯಿತು. ಒಪ್ಪಿಕೊಂಡು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

“ಮುಂದಿನ ಸಾಲು, ನಡುವಿನ ಕುರ್ಚಿ. ಅಲ್ಲಿ ನೀನು ಕೂರಬೇಕು. ಗುರುತಿಲ್ಲದ ಮುಖ ಕಂಡರೆ ನಾನು ರಂಗಕ್ಕೆ ಬರಲಾರೆ.”

ಭಾನುವಾರ ಮಧ್ಯಾಹ್ನದ ಆಟ. ಒಳ್ಳೆಯದಾಗಲಿ ಎಂದು ಅಮ್ಮ ಕೊಟ್ಟಿದ್ದ ಅರಿಶಿನ ಬಣ್ಣದ ರೇಷ್ಮೆ ಸೀರೆ ಉಟ್ಟು ಹೋದೆ. ಕೂತು ಐದು ನಿಮಿಷಕ್ಕೆ ಪರದೆಯ ಸಂದಿ ಅಲುಗಿತು, ತಟ್ಟನೆ ಮುಚ್ಚಿತು. ತಂಡದ ಹೆಂಗಸೊಬ್ಬಳು ಬಗ್ಗಿಕೊಂಡು ಬಂದಳು.

“ನಿನಗೆ ಯಾರೂ ಹೇಳಲಿಲ್ಲವಾ? ಥಿಯೇಟರಿಗೆ ಹಳದಿ ಉಟ್ಟು ಬರುತ್ತಾರಾ? ನಮ್ಮ ನಟರಿಗೆ ಅದು ಸಾವಿನ ಬಣ್ಣ. ಇನೆಸ್ ವೇಷ ಬಿಚ್ಚುತ್ತಿದ್ದಾಳೆ.”

ನಮ್ಮಲ್ಲಿ ಮದುವಣಗಿತ್ತಿಯ ಕೆನ್ನೆಗೆ ಹಚ್ಚುವ ಬಣ್ಣ. ಕೂತರೆ ಅಪಶಕುನ, ಎದ್ದು ಹೋದರೆ ಆ ಕುರ್ಚಿಗೆ ಯಾರು ಬರುತ್ತಾರೋ. ಬೂದು ಬಣ್ಣದ ಚಳಿಕೋಟು ತೊಟ್ಟು ಕತ್ತಿನವರೆಗೆ ಗುಂಡಿ ಹಾಕಿದೆ, ನೆರಿಗೆಯನ್ನು ಮೇಲೆತ್ತಿ ಕೋಟಿನೊಳಗೆ ತುರುಕಿದೆ.

“ನಾನು ಇಲ್ಲೇ ಇರುತ್ತೇನೆ ಅಂತ ಹೇಳಿ.”

ಪರದೆ ತಡವಾಗಿ ಎದ್ದಿತು. ಇನೆಸ್ ಬಂದು ನನ್ನನ್ನೇ ನೋಡಿದರು. ಮಾತು ಹೊರಡಲಿಲ್ಲ. ಯಾರೋ ಕೆಮ್ಮಿದರು. ಎಲ್ಲೋ ಒಂದೆಳೆ ಹಳದಿ ಕಾಣುತ್ತಿರಬೇಕೆಂದು ನಾನು ಕೋಟಿನ ಅಂಚನ್ನು ಕೆಳಗೆಳೆದುಕೊಂಡೆ. ಆಮೇಲೆ ಅವರು ನನ್ನ ತಲೆಯ ಮೇಲಿಂದ ಕೊನೆಯ ಸಾಲಿಗೆ ಕಣ್ಣು ನೆಟ್ಟು, ನಾನು ಎಂದೂ ಕೇಳಿರದ ದೊಡ್ಡ ದನಿಯಲ್ಲಿ ಮಗನನ್ನು ಕರೆದರು.

“ಕೋಟಿನೊಳಗೆ ಬೆಂದೆಯಾ?” ಮನೆಗೆ ಬಂದು ಕೇಳಿದರು.

“ಬೆಂದೆ.”

“ನಾನೂ,” ಎಂದು ಮೂರೂ ಚಿಲಕ ಹಾಕಿದರು.

ಬೇಸಿಗೆಯಲ್ಲಿ ಅಕ್ಕನ ಮದುವೆಗೆ ಮೈಸೂರಿಗೆ ಹೋದೆ. ಅರಿಶಿನ ಹಚ್ಚಲು ಕರೆದಾಗ ನನ್ನ ಕೈ ಬಟ್ಟಲಿನ ಮೇಲೆ ಒಂದು ಕ್ಷಣ ನಿಂತಿತು. ಊಟಕ್ಕೆ ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು ಕೂತೆ.

“ಯಾರ್ ಬರ್ತಾರೆ ಅಂತ ಬಾಗಿಲು ಕಾಯ್ತಿದೀಯೇ?” ಅಮ್ಮ ನಕ್ಕಳು.

“ಯಾರೂ ಇಲ್ಲ,” ಎಂದೆ. ಬಾಗಿಲು ಎಂದಿನಂತೆ ತೆರೆದೇ ಇತ್ತು. ಕುರ್ಚಿಯನ್ನು ಮಾತ್ರ ನಾನು ತಿರುಗಿಸಲಿಲ್ಲ.