ಮಲ್ಲಟದಲ್ಲಿ ಮಂಕಾದ ಚಿತ್ರ

ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನ ಅಳತೆಯ ಯಂತ್ರದ ಪೆಟ್ಟಿಗೆಗೂ ಅರ್ಧ ಟಿಕೆಟ್ ಹರಿದ. ಹಾಗಾದರೆ ಅದಕ್ಕೊಂದು ಸೀಟೂ ಕೊಡಿ ಎಂದು ಜಗಳ ತೆಗೆದು, ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಕೂರಿಸಿಯೇ ಹೊರಟೆ. ಎಪ್ಪತ್ತರ ದಶಕದ ಮಾತು. ಆಗ ನಮ್ಮ ಜಿಲ್ಲೆಯ ಕೆಲವು ಹಳ್ಳಿಶಾಲೆಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬರುತ್ತಿತ್ತು. ಮಾಳಿಗೆಯ ಮೇಲಿನ ತಂತಿಬಲೆಯ ತಟ್ಟೆ ಹಿಡಿದ ಕ್ಷೀಣ ಸಂಕೇತವನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ನಾನು ಕಟ್ಟಿದ್ದು. ಮಲ್ಲಟದಲ್ಲಿ ಚಿತ್ರ ಮಂಕು ಎಂದು ದೂರು ಬಂದಿತ್ತು. ತಪ್ಪು ಆಂಪ್ಲಿಫೈಯರಿನದಾದರೆ ಎಲ್ಲ ಊರುಗಳಿಂದಲೂ ಅದನ್ನು ಕಿತ್ತು ಹೊರದೇಶದ್ದನ್ನು ಹಾಕುತ್ತೇವೆ ಎಂದಿದ್ದರು ಮೇಲಿನವರು. ವರ್ಷಗಟ್ಟಲೆ ಬೆವರು ಸುರಿಸಿದ್ದೆ, ಹೊಟ್ಟೆ ಉರಿಯದೇ ಇದ್ದೀತೇ!

ಹೋಲಿಸಿ ನೋಡಲೆಂದು ಮೊದಲು ಇಳಿದ ದೇವದುರ್ಗದಲ್ಲಿ ಸಂಕೇತ ಚೊಕ್ಕವಾಗಿತ್ತು. ರಾತ್ರಿ ಅಲ್ಲೇ ಉಳಿದೆ. ಮರುದಿನ ಮಾನ್ವಿಯಲ್ಲಿ ಒಗ್ಗರಣಿ ಮಿರ್ಚಿ ತಿಂದು, ಬಸ್ ಬದಲಿಸಿ ಮಲ್ಲಟಕ್ಕೆ ಬಂದಾಗ ಜಿಟಿಜಿಟಿ ಮಳೆ ನಿಂತು ಬಿಸಿಲು ಬಿದ್ದಿತ್ತು.

ಶಾಲೆಯಲ್ಲಿ ಆಂಪ್ಲಿಫೈಯರ್ ಬಿಚ್ಚಿ ಪರೀಕ್ಷಿಸಿದೆ. ಎರಡು ಸಂಕೇತ ಒಳಗೆ ಬಿಟ್ಟರೆ ಅವೆರಡೇ ದೊಡ್ಡದಾಗಿ ಹೊರಬರಬೇಕು, ಯಾರೂ ಕಳಿಸದ ಮೂರನೆಯದು ಹುಟ್ಟಬಾರದು. ಹುಟ್ಟಲಿಲ್ಲ. ತರಂಗಪಟ್ಟಿಯ ಈ ತುದಿಯಿಂದ ಆ ತುದಿಯವರೆಗೂ ಸಂಕೇತ ಒಂದೇ ಸಮನಾಗಿ ದೊಡ್ಡದಾಗುತ್ತಿತ್ತು. ಆದರೆ ತಟ್ಟೆಗೆ ಜೋಡಿಸಿದರೆ ಬರಬೇಕಾದ ಸಂಕೇತದ ಅರ್ಧವೂ ಇಲ್ಲ. ಮಾಳಿಗೆ ಹತ್ತಿ ನೋಡಿದೆ. ತಟ್ಟೆಯ ಮೇಲೆ ಹಳೆಯ ಸೀರೆಗಳಿಂದ ಹೊಲಿದ ಒದ್ದೆ ಕೌದಿಗಳು ಹರವಿದ್ದವು!

ಶಾಲೆಯ ಜವಾನನ ಹೆಂಡತಿ ಹುಲಿಗೆಮ್ಮ ಎಳೆಗೂಸನ್ನು ಅವಚಿಕೊಂಡು ಓಡಿಬಂದಳು. ತಟ್ಟೆ ಕಾಯುವುದು ಅವಳ ಗಂಡನ ಕೆಲಸ.

"ಕೂಸಿನ ಕೌದಿ ರೀ ಅಕ್ಕಾರ. ಮಳಿಗಾಲದಾಗ ಎಲ್ಲೂ ಒಣಗಂಗಿಲ್ಲ, ಇಲ್ಲಿ ಗಾಳಿ ಛಲೋ ಅದ ಅಂತ ದಿನಾ ಹಾಕಾಕತ್ತೀನಿ. ನೀವು ಇದನ್ನ ಬರದ್ರ ನಮ್ಮ ಮನಿಯವರ ನೌಕ್ರಿ ಹೋಗ್ತದ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ ಅನ್ನಿಸಿತು. ಆದರೆ ಕಾರಣ ಹೇಳದಿದ್ದರೆ ನನ್ನ ಆಂಪ್ಲಿಫೈಯರ್ ಉಳಿಯುವುದಿಲ್ಲ. ಕೊನೆಗೆ ಕೌದಿಗಳನ್ನು ತೆಗೆಸಿ, ಚೀಲದಲ್ಲಿದ್ದ ನನ್ನ ಇನ್ನೊಂದು ಸೀರೆಯನ್ನು ನೀರಿನಲ್ಲಿ ಅದ್ದಿ, ದಪ್ಪಗೆ ಮಡಿಚಿ ತಟ್ಟೆಯ ಮೇಲೆ ಹರವಿ ಅಳೆದೆ. ಸಂಕೇತ ಕುಸಿಯಿತು. ಸೀರೆ ತೆಗೆದೆ, ಏರಿತು. ಅಲ್ಲೇ ಕೂತು ವರದಿ ಬರೆದೆ: ಆಂಪ್ಲಿಫೈಯರ್ ಸರಿಯಾಗಿದೆ, ತಟ್ಟೆಯ ಮೇಲೆ ಒದ್ದೆ ಬಟ್ಟೆ ಬಿದ್ದರೆ ಸಂಕೇತ ಕುಸಿಯುತ್ತದೆ, ಪರೀಕ್ಷಿಸಿ ನೋಡಿದ್ದೇನೆ, ಎಲ್ಲ ಊರಿಗೂ ತಿಳಿಸಿ.

ಓದಿ ಹೇಳಿದಾಗ ಹುಲಿಗೆಮ್ಮ ಮೆಲ್ಲಗೆ ಕೇಳಿದಳು, "ಯಾರ ಅರಿವಿ ಅಂತ ಕೇಳಿದ್ರ?"

"ನನ್ನ ಸೀರಿ ಅಂತ ಹೇಳ್ತೀನಿ, ತಂಗಿ."

ಅವಳು ಕೂಸನ್ನು ನನ್ನ ಮಡಿಲಿಗೆ ಹಾಕಿ ಹಗ್ಗ ತರಲು ಹೋದಳು.

ಸಂಜೆ ಬಸ್ಸು ಹೊರಟಾಗ ತಿರುಗಿ ನೋಡಿದೆ. ತಟ್ಟೆ ಖಾಲಿಯಿತ್ತು. ಮಾಳಿಗೆಯ ಆಚೆ ತುದಿಯ ಹಗ್ಗದ ಮೇಲೆ ಕೌದಿಗಳ ಪಕ್ಕ ನನ್ನ ಸೀರೆ ಒಣಗುತ್ತಿತ್ತು. ಬೇಕೆಂದೇ ಬಿಟ್ಟುಬಂದಿದ್ದೆ, ಕೂಸಿಗೆ ಇನ್ನೊಂದು ಕೌದಿಯಾಗಲಿ ಎಂದು.