ಗೆಳತಿಯ ಕಾರ್ಡಿನಲ್ಲಿ ಆದ ಹೆರಿಗೆ

ಐಮಂಗಲದ ಕಡೆ ಒಂದು ಉಪಕೇಂದ್ರದಲ್ಲಿ ನಾನು ನರ್ಸ್ ಆಗಿದ್ದಾಗ ನಡೆದದ್ದು ಇದು. ಹೆದ್ದಾರಿಯಿಂದ ಒಳಗೆ ಒಂದು ದಾಳಿಂಬೆ ತೋಟ. ಅಲ್ಲಿನ ತಗಡಿನ ಶೆಡ್ಡುಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕೂಲಿಯವರಿದ್ದರು. ಅವರಲ್ಲೊಬ್ಬಳು ಐದಾರು ವರ್ಷ ಇಲ್ಲೇ ದುಡಿದು ನಮ್ಮ ಮಾತು ಕಲಿತಿದ್ದಳು. ನಾನು ಹೋದರೆ ಟೀ ಕಾಯಿಸದೆ ಕಳಿಸುತ್ತಿರಲಿಲ್ಲ.

ಒಂದು ದಿನ ಅವಳು ತನ್ನ ಗೆಳತಿಯನ್ನು ಕರೆತಂದಳು. ಏಳು ತಿಂಗಳ ಬಸುರಿ. ಪಾದಗಳು ಬಾತುಕೊಂಡಿದ್ದವು, ಬಿಪಿ ಏರಿತ್ತು. ತಾಯಿ ಕಾರ್ಡ್ ಮಾಡಬೇಕು, ಆಧಾರ್ ಕೊಡು ಎಂದೆ. ಬಸುರಿ ತಲೆ ತಗ್ಗಿಸಿದಳು. ಗಂಡನ ಜೊತೆ ದೇಶದ ಗಡಿ ದಾಟಿ ಬಂದವಳು, ಯಾವ ಕಾಗದವೂ ಇಲ್ಲ ಎಂದು ಕರೆತಂದವಳು ಹೇಳಿದಳು. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆಂದು ಶೆಡ್ಡಿನಲ್ಲೇ ಹೆರಲು ಅವರು ತೀರ್ಮಾನಿಸಿದ್ದರು. ಆ ಬಿಪಿಯಲ್ಲಿ ಶೆಡ್ಡಿನಲ್ಲಿ ಹೆತ್ತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

"ನಿನ್ ಆಧಾರ್ ಕಾರ್ಡ್ ಐತಲ್ಲ, ಅದನ್ನೇ ಕೊಡು. ಮೊದ್ಲು ಹೆರಿಗೆ ಆಗ್ಲಿ," ಎಂದು ಕರೆತಂದವಳಿಗೆ ಹೇಳಿದವಳು ನಾನೇ. ಅವಳು ಹಿಂದೆಮುಂದೆ ನೋಡಿದಳು. ನನ್ನ ಮೇಲಿನ ನಂಬಿಕೆಯಿಂದ ಕೊಟ್ಟಳು.

ಹಿರಿಯೂರಿನಲ್ಲಿ ಆಪರೇಷನ್ ಮಾಡಿ ಹೆಣ್ಣುಮಗುವನ್ನು ತೆಗೆದರು. ಖರ್ಚೆಲ್ಲ ಸರ್ಕಾರದ್ದು. ಇಬ್ಬರೂ ಉಳಿದರು. ನಾನು ಒಳಗೊಳಗೇ ಬೀಗಿದೆ. ಒಂಬತ್ತನೇ ತಿಂಗಳಿನವರೆಗಿನ ಚುಚ್ಚುಮದ್ದನ್ನೆಲ್ಲ ಆ ಮಗುವಿಗೆ ನಾನೇ ಹಾಕಿದೆ.

ಅಷ್ಟರಲ್ಲಿ ಕಾರ್ಡ್ ಕೊಟ್ಟವಳೇ ಬಸುರಿಯಾದಳು. ತಪಾಸಣೆಗೆ ಹೋದಾಗ ಕಂಪ್ಯೂಟರಿನಲ್ಲಿ ಅವಳ ಹೆಸರಿಗೆ ಹತ್ತು ತಿಂಗಳ ಹಿಂದೆ ಆಪರೇಷನ್ ಆದದ್ದು ಬಂತು. ಅವಳ ಹೊಟ್ಟೆಯ ಮೇಲೆ ಹೊಲಿಗೆಯ ಗುರುತೇ ಇರಲಿಲ್ಲ. ಹೆದರಿ, ಯಾರಿಗೆ ಕಾರ್ಡ್ ಕೊಟ್ಟೆನೆಂದು ಹೇಳಿಬಿಟ್ಟಳು. ನನ್ನ ಹೆಸರನ್ನು ಮಾತ್ರ ಎತ್ತಲಿಲ್ಲ.

ಮೇಲಿನ ಅಧಿಕಾರಿ ಅವಳನ್ನೂ, ತಾಯಿ ಕಾರ್ಡ್ ಬರೆದವಳೆಂದು ನನ್ನನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿಯೇ ಮಾತಾಡಿದರು.

"ಸರ್ಕಾರದ ದುಡ್ಡು ಬೇರೆ ದೇಶದೋರಿಗೆ ಹೋಗೈತೆ ಅಂತ ನಾಳೆ ಕೇಳಿದ್ರೆ ನಾನೇನ್ ಹೇಳ್ಲಿ? ನಿಮಗೆ ಗೊತ್ತಿತ್ತೇನ್ರಿ ಸಿಸ್ಟರ್?"

ಕೆಲಸ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

"ಇಲ್ಲ ಸಾರ್. ಇವರಿಬ್ರೂ ಸೇರಿ ನನಗೆ ಮೋಸ ಮಾಡಿದ್ರು."

ಅವಳು ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಹೌದು ಸಾರ್, ನಂದೇ ತಪ್ಪು," ಎಂದಳು.

ಅವರು ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಗಡಿ ದಾಟಿ ಬಂದವರ ಬಗ್ಗೆ ಮಾತ್ರ ಪೊಲೀಸರಿಗೆ ಒಂದು ಪತ್ರ ಹೋಯಿತು. ಮರುದಿನ ನಾನು ತೋಟಕ್ಕೆ ಓಡಿದೆ. ಗಡಿಯಾಚೆಯವಳು, ಗಂಡ, ಮಗು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಎಲ್ಲಿಗೆಂದು ಮೇಸ್ತ್ರಿಗೂ ತಿಳಿದಿರಲಿಲ್ಲ. ಮಗುವಿಗೆ ಇನ್ನೂ ದಡಾರದ ಎರಡನೇ ಚುಚ್ಚುಮದ್ದು ಬಾಕಿಯಿತ್ತು.

ಕಾರ್ಡ್ ಕೊಟ್ಟವಳು ಅಲ್ಲೇ ಉಳಿದಳು. ಅವಳ ಹೆರಿಗೆಯೂ ಸುಸೂತ್ರವಾಯಿತು. ನಾನು ಚುಚ್ಚುಮದ್ದು ಹಾಕಲು ಹೋದಾಗ ಮಗುವಿನ ತೊಡೆಯನ್ನು ಒಡ್ಡಿ ಹಿಡಿಯುತ್ತಿದ್ದಳು, ಹೇಳಿದ್ದನ್ನೆಲ್ಲ ಕೇಳುತ್ತಿದ್ದಳು. ತಪ್ಪಾಯ್ತು ಎನ್ನಲು ಒಮ್ಮೆ ಬಾಯಿ ತೆರೆದೆ. "ಬಿಡ್ರಿ ಮೇಡಂ, ನಿಮಗೂ ಮಕ್ಳವೆ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಅಧಿಕಾರಿ ಹೊಸದುರ್ಗಕ್ಕೆ ವರ್ಗವಾದಾಗ ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ನಿಜ ಹೇಳಿಬಿಡೋಣವೆಂದೇ ಹೋಗಿದ್ದೆ. ಸಾಲಿನಲ್ಲಿ ನಿಂತೆ, ಹಾರ ಹಾಕಿದೆ, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡೆ. ಆಮೇಲೆ ಬಸ್ಸು ಹತ್ತಿ ಮನೆಗೆ ಬಂದೆ.