ತೂತುಗಳ ವೈರಿ ಸಮುದ್ರಕ್ಕೆ ಹೋದದ್ದು

ನಮ್ಮ ಭಾವನ ಕಣ್ಣಿಗೆ ಬಿದ್ದ ತೂತು ಹೆಚ್ಚು ದಿನ ಬದುಕಿದ ಇತಿಹಾಸವಿಲ್ಲ. ಜಿರಳೆ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದ ಕೋಟು, ಮೊಳೆಗೆ ಸಿಕ್ಕಿದ ಪ್ಯಾಂಟು, ಯಾವ ವೇಷದಲ್ಲಿ ಬಂದರೂ ಶತ್ರುವನ್ನು ಗುರುತು ಹಿಡಿದು, ಕಾಲರಿನ ಒಳಬದಿಗೆ ಚುಚ್ಚಿಟ್ಟುಕೊಂಡ ಸೂಜಿಯನ್ನು ಖಡ್ಗದಂತೆ ಹಿರಿದು, ನಿರ್ನಾಮ ಮಾಡಿಯೇ ಉಸಿರು ಬಿಡುವವರು ಅವರು. ಒಂದು ಸಾವಿನ ಮನೆಯಲ್ಲಿ ಪಕ್ಕದಲ್ಲಿ ಕೂತು ಅಳುತ್ತಿದ್ದವನ ತೋಳಿನ ಹರುಕನ್ನು, ಆತ ಮೂಗು ಒರೆಸಿಕೊಂಡು ಮುಗಿಸುವುದರೊಳಗೆ ಮಾಯ ಮಾಡಿದ್ದರಂತೆ. ಅಡುಗೆಮನೆಯ ಜರಡಿಯನ್ನು ಅಕ್ಕ ಅವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುತ್ತಾಳೆ ಎಂಬುದು ಬೀದಿಯವರು ಹಬ್ಬಿಸಿದ ಸುದ್ದಿ. ತಮ್ಮನಾದ ನಾನು ಅದನ್ನು ಪೂರ್ತಿ ಅಲ್ಲಗಳೆಯಲಾರೆ.

ಭಾವನ ಕಸುಬು ರಫೂ. ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ, ಆದ್ದರಿಂದ ಗಿರಾಕಿಗಳೆಲ್ಲ ತಾವಾಗಿಯೇ ತಲೆಬಾಗಿ ಬರುತ್ತಾರೆ. ಹರಿದ ಬಟ್ಟೆಯ ಒಳಹೊಲಿಗೆಯಿಂದಲೇ ಎಳೆ ಕಿತ್ತು, ಒಂದರ ಮೇಲೆ ಒಂದರ ಕೆಳಗೆ ನೇಯ್ದು, ಕೊನೆಗೆ ಉಗುರಿನಿಂದ ಒಮ್ಮೆ ಸವರಿದರೆ ಮುಗಿಯಿತು, ಬಟ್ಟೆಯ ಯಜಮಾನನಿಗೂ ಹರಿದಿದ್ದೆಲ್ಲಿ ಎಂದು ತಿಳಿಯುವುದಿಲ್ಲ.

ಅವರ ದುರಂತವೂ ಅಲ್ಲಿಯೇ ಇತ್ತು. ಲಾಯರೊಬ್ಬರ ಕೋಟನ್ನು ಸರಿಮಾಡಿದ ದಿನ, ಅದನ್ನು ಮನೆಗೆ ತಂದು ಅಕ್ಕನ ಮುಂದೆ ಹರಡಿದರು. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, ಎಲ್ಲಿ ಎಂದು ಕೇಳಿದಳು. ಭಾವ ಉಬ್ಬಿಹೋದರು.

"ಅದೇ ಅಲ್ವೇನೇ ಕೆಲಸ ಅಂದ್ರೆ?"

"ಏನೂ ಕಾಣದೇ ಇರೋದಕ್ಕೆ ನಾನು ಏನಂತ ಹೇಳ್ಲಿ ರೀ? ಊಟಕ್ಕೆ ಬನ್ನಿ, ಆರಿ ಹೋಗ್ತಿದೆ."

ಅಕ್ಕ ಜಿಪುಣಿಯೇನಲ್ಲ. ಇಕ್ಕಟ್ಟಿನ ಓಣಿಯಲ್ಲಿ ವ್ಯಾನು ಹಿಂದೆ ತೆಗೆದ ಡ್ರೈವರನ್ನು ಹೊಗಳುತ್ತಾಳೆ, ಎದುರುಮನೆಯ ಬಾಗಿಲಿಗೆ ಬಣ್ಣ ಹೊಡೆದವನನ್ನು ವಾರಗಟ್ಟಲೆ ಹೊಗಳುತ್ತಾಳೆ. ಹಾಗೆ ಹೊಗಳಿಸಿಕೊಂಡವರೆಲ್ಲ ಭಾವನ ಆಜನ್ಮ ವೈರಿಗಳಾದರು. ಆ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ಅವರು ಬಣ್ಣ ಎದ್ದ ಜಾಗಕ್ಕಾಗಿ ಆಸೆಯಿಂದ ಹುಡುಕುತ್ತಿದ್ದರು. ಮದುವೆಯಾದಂದಿನಿಂದ ಅವರು ಕಾಯುತ್ತಿದ್ದದ್ದು ಅಕ್ಕನ ಬಾಯಿಂದ ಒಂದೇ ಒಂದು ಮೆಚ್ಚುಗೆಯ ಮಾತಿಗೆ. ರಾಜ್ಯ, ಕಿರೀಟ ಯಾವುದೂ ಅವರಿಗೆ ಬೇಕಿರಲಿಲ್ಲ.

ಸಮುದ್ರ ನೋಡಬೇಕೆಂಬುದು ಅಕ್ಕನ ಬಹುಕಾಲದ ಹಟ. ಕೊನೆಗೂ ಗೂಡಿಗೆ ಬೀಗ ಬಿತ್ತು. ಚೀಲ ಹೊರುವ ಗೌರವಾನ್ವಿತ ಹುದ್ದೆ ನನ್ನದಾಯಿತು.

ಕಡಲತಡಿಯ ಆ ನಗರದಲ್ಲಿ ಮೊದಲು ದೀಪಸ್ತಂಭ ಹತ್ತಿದೆವು. ಸುರುಳಿ ಮೆಟ್ಟಿಲು ನೋಡಿ, ಯಾವ ಪುಣ್ಯಾತ್ಮ ಕಟ್ಟಿದನೋ ಎಂದಳು ಅಕ್ಕ. ಸತ್ತು ಎಷ್ಟೋ ಕಾಲವಾಗಿದ್ದ ಆ ಮೇಸ್ತ್ರಿಯ ಮೇಲೆ ಭಾವನಿಗೆ ಹೊಟ್ಟೆ ಉರಿಯಿತು. ಎಲ್ಲರೂ ಮೇಲೆ ನಿಂತು ದಿಗಂತ ನೋಡುತ್ತಿದ್ದರೆ, ಅವರು ಗೋಡೆಯಲ್ಲಿ ಬಿರುಕು ಹುಡುಕಿ ನಮಗೆ ತೋರಿಸಿದರು. ವಸ್ತುಸಂಗ್ರಹಾಲಯದಲ್ಲಿ ಹಳೆಯ ಹಡಗಿನ ಹಾಯಿಯೊಂದಿತ್ತು. ಹಗ್ಗದ ತಡೆಯ ಮೇಲೆ ಬಗ್ಗಿ ಅದರ ತೇಪೆಗೆ ಮೂಗು ತಾಗಿಸುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ತೇಪೆ ಹಾಕಿದವನು ಕುಡಿದಿದ್ದ ಎಂದು ಭಾವ ತೀರ್ಪು ಕೊಟ್ಟು ಹೊರಬಂದರು. ಸಂಜೆ ಸಮುದ್ರದ ಮುಂದೆ ಅಕ್ಕ ಮೈಮರೆತು ನಿಂತಳು. ಭಾವ ಬಹಳ ಹೊತ್ತು ಅಲೆಗಳನ್ನು ದುರುಗುಟ್ಟಿ ನೋಡಿದರು.

"ಬೆಳಗಿಂದ ಒಂದೇ ಕೆಲಸ ಮಾಡ್ತಿದೆ," ಎಂದರು. "ಒಂದೂ ಮುಗಿಸಿಲ್ಲ."

ಮರುದಿನ ಹತ್ತಿರದ ಮೀನುಗಾರರ ಹಳ್ಳಿಗೆ ಹೋದೆವು. ಮರಳಿನ ಮೇಲೆ ದೋಣಿಗಳು ಮಗುಚಿ ಬಿದ್ದಿದ್ದವು. ಒಂದರ ನೆರಳಿನಲ್ಲಿ ಒಬ್ಬ ಮುದುಕ ಕೂತು ಬಲೆ ಸರಿಮಾಡುತ್ತಿದ್ದ. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಹರಿದ ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು, ಹುರಿ ಸುತ್ತಿದ ಚಪ್ಪಟೆ ಕಡ್ಡಿಯೊಂದನ್ನು ಒಳಗೆ ಹೊರಗೆ ಹಾಯಿಸುತ್ತಿದ್ದ. ಹಾಯಿಸಿದಲ್ಲೆಲ್ಲ ಗಂಟು, ಗಂಟಿನ ಪಕ್ಕ ಗಂಟು. ನೋಡುತ್ತಿದ್ದಂತೆ ಬಲೆ ಬೆಳೆಯುತ್ತಿತ್ತು. ಅಕ್ಕ ಅವನೆದುರು ಮರಳಿನ ಮೇಲೆ ಕೂತೇಬಿಟ್ಟಳು. ಹೋಗೋಣ ಎಂದು ಭಾವ ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕರೆದಾಗ, ತಲೆ ಎತ್ತದೆಯೇ ಅವಳು ಆ ಮಾತನ್ನಾಡಿದಳು.

"ಕೈ ಅಂದ್ರೆ ಇದು ನೋಡಿ."

ಭಾವನ ಮುಖ ಸುಟ್ಟ ಕೋಟಿನ ಬಣ್ಣಕ್ಕೆ ತಿರುಗಿತು. ತಾವು ಕಾಯುತ್ತಿದ್ದ ಮಾತು ಕೊನೆಗೂ ಬಂದಿತ್ತು. ಆದರೆ ಇಳಿದದ್ದು ಹಲ್ಲಿಲ್ಲದ ಒಬ್ಬ ಪರಪುರುಷನ ಮಡಿಲಿಗೆ. ಅಕ್ಕ ಕೊಂಡುತಂದ ಟೀಯನ್ನು ಅವರು ಮುಟ್ಟಲಿಲ್ಲ. ಅದನ್ನೂ ಮುದುಕನೇ ಕುಡಿದ.

ಅಷ್ಟರಲ್ಲಿ ದೋಣಿಯೊಂದು ದಡಕ್ಕೆ ಬಂತು. ಅದನ್ನು ಎಳೆಯಲು ಮುದುಕ ಎದ್ದುಹೋದ. ಅವನ ಬೆನ್ನು ತಿರುಗಿದ್ದೇ ತಡ, ಭಾವ ಬಲೆಯ ಮುಂದೆ ಕೂತರು. ಅಂಗೈ ಅಗಲದ ಒಂದು ಹರುಕು ಅಲ್ಲಿ ಬಾಯಿ ತೆರೆದುಕೊಂಡಿತ್ತು. ಮೊದಲು ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದರು. ಮೀನಖಂಡ ಹಿಡಿದುಕೊಂಡಿತು. ನಾನು ಕಾಲು ಉಜ್ಜಿದೆ. ಆಮೇಲೆ ಆ ಚಪ್ಪಟೆ ಕಡ್ಡಿಯನ್ನು ತಿರಸ್ಕಾರದಿಂದ ಪಕ್ಕಕ್ಕೆ ತಳ್ಳಿ, ಅದರಲ್ಲಿದ್ದ ಹುರಿಯನ್ನಷ್ಟೇ ಎಳೆದುಕೊಂಡು, ಎಳೆಎಳೆಯಾಗಿ ಬಿಡಿಸಿ, ಕಾಲರಿನ ಸೂಜಿ ಹಿರಿದರು. ಮೀನು ಹೆಕ್ಕುತ್ತಿದ್ದ ಹೆಂಗಸರು ಸುತ್ತ ನೆರೆದರು. ಭಾವನ ಬೆರಳುಗಳು ಹಾರಿದವು. ಒಂದರ ಮೇಲೆ ಒಂದರ ಕೆಳಗೆ, ಒಂದರ ಮೇಲೆ ಒಂದರ ಕೆಳಗೆ. ಬೆವರು ಹುಬ್ಬಿಗೆ ಇಳಿದರೂ ಒರೆಸಲಿಲ್ಲ. ಕೊನೆಗೆ ಉಗುರಿನಿಂದ ಸವರಿ, ವಿಜಯಶಾಲಿಯಾಗಿ ಹಿಂದಕ್ಕೆ ವಾಲಿ ಅಕ್ಕನ ಮುಖ ನೋಡಿದರು.

ಮುದುಕ ಬಂದ. ಹರುಕು ಎಲ್ಲಿ ಎಂದು ತಡಕಿದ. ಆಮೇಲೆ ಬಲೆಯನ್ನು ಎತ್ತಿ ಬಿಸಿಲಿಗೆ ಹಿಡಿದ. ಬಲೆಯ ತುಂಬ ಬೆಳಕು. ನಡುವೆ ಮಾತ್ರ ಅಂಗೈ ಅಗಲದ, ಒಂದು ಬೆಳಕಿನ ಚುಕ್ಕೆಯೂ ತೂರದ ದಪ್ಪ ಬಟ್ಟೆ.

"ಯಜಮಾನ್ರೇ," ಎಂದ ಮುದುಕ, "ತೂತು ಮುಚ್ಚಿಬಿಟ್ರಲ್ಲ. ನೀರು ಯಾವ ಕಡೆಯಿಂದ ಹೋಗ್ಬೇಕು?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಮುದುಕ ಒಸಡು ತೋರಿಸಿ ನಕ್ಕ. ನಾನು ದೋಣಿಯ ಹಿಂದೆ ಹೋಗಿ ನಕ್ಕು ಬಂದೆ. ಭಾವ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಸಮುದ್ರದತ್ತ ಮುಖ ಮಾಡಿದರು. ಅದು ಇನ್ನೂ ಅದೇ ಕೆಲಸ ಮಾಡುತ್ತಿತ್ತು.

ನಗದೆ ಉಳಿದವಳು ಅಕ್ಕ ಒಬ್ಬಳೇ. ಮುದುಕ ಆ ತುಂಡನ್ನು ಕತ್ತರಿಸಿ ಎಸೆಯಲು ಚಾಕು ತೆಗೆದಾಗ, ಎಸೆಯಬೇಡಿ, ನನಗೆ ಕೊಡಿ ಎಂದಳು. ಬೆರಳಾಡಿಸಿ ನೋಡಿದಳು, ತಿರುವಿ ನೋಡಿದಳು.

"ರೀ," ಎಂದಳು ಮೆಲ್ಲಗೆ, "ಇಷ್ಟು ವರ್ಷಕ್ಕೆ ಇವತ್ತು ನಿಮ್ಮ ಕೆಲಸ ಕಾಣಿಸ್ತು ನನಗೆ. ಎಷ್ಟು ಚೆಂದ ಇದೆ ರೀ ನಿಮ್ಮ ಕೈ."

ಭಾವ ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಈಗ ಆ ತುಂಡು ಅಕ್ಕನ ಅಡುಗೆಮನೆಯ ಕಿಟಕಿಯ ಪಕ್ಕ ಮೊಳೆಗೆ ತೂಗುತ್ತಿದೆ. ದೀಪಸ್ತಂಭದ ಫೋಟೋಗೆ ಆ ಜಾಗ ಸಿಗಲಿಲ್ಲ. ಬಂದವರಿಗೆಲ್ಲ ಅಕ್ಕ ಅದನ್ನು ಮುಟ್ಟಿಸಿ, ಇವರದೇ ಕೈಕೆಲಸ ಎಂದು ಹೇಳುತ್ತಾಳೆ. ಹಾಗೆ ಹೇಳುವಾಗಲೆಲ್ಲ ಭಾವ ಮುಖ ಹುಳಿ ಮಾಡಿಕೊಂಡು ಎದ್ದುಹೋಗುತ್ತಾರೆ. ಮೊನ್ನೆ ನಾನು ಗೂಡಿನೊಳಗೆ ತಲೆಬಾಗಿ ಹೋಗಿ ಕೇಳಿಯೇಬಿಟ್ಟೆ. ಕೊನೆಗೂ ಅಕ್ಕ ಮೆಚ್ಚಿದಳು, ಊರಿಗೆಲ್ಲ ಸಾರುತ್ತಿದ್ದಾಳೆ, ಇನ್ನೂ ಏನು ಕೊರಗು ಭಾವ ಎಂದು.

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಕಣ್ಣು ಎತ್ತಲಿಲ್ಲ.

"ಹುರಿ ಆ ಮುದುಕನದು ಕಣಯ್ಯ."